ಇಲಿ ಹಿಡಿದ ತಪ್ಪಿಗೆ

ಭೀಮಾ ಹೊಳೆಗೆ ಎರಡು ದಂಡೆ. ಈ ದಂಡೆಯವರಿಗೆ ಬೆಕ್ಕು ಬೇಡವಾದರೆ ಚೀಲದಲ್ಲಿ ತುಂಬಿ ಆ ದಂಡೆಗೆ ಬಿಟ್ಟು ಬರುತ್ತಾರೆ. ಆ ದಂಡೆಯವರಿಗೆ ಬೇಡವಾದರೆ ಈ ದಂಡೆಗೆ ತಂದು ಬಿಡುತ್ತಾರೆ. ಬೆಕ್ಕನ್ನು ಕೊಂದರೆ ಕಾಶಿಗೆ ಹೋಗಿ ಬಂಗಾರದ ಬೆಕ್ಕು ದಾನ ಮಾಡಿದರೂ ಪಾಪ ತೀರದು ಎಂದು ಹಿರಿಯರು ಹೇಳಿಟ್ಟಿದ್ದಾರೆ. ಹೊಳೆ ದಾಟಿಸಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಲು ಮರೆತಿದ್ದಾರೆ. ಆ ಒಂದು ಮರೆವಿನ ಸಂದಿಯಲ್ಲಿ ತಲೆತಲಾಂತರದಿಂದ ಬೆಕ್ಕುಗಳು ಅತ್ತಿಂದಿತ್ತ, ಇತ್ತಿಂದತ್ತ ಸಾಗುತ್ತಲೇ ಇವೆ. ಹರಿಯುವ ನೀರು ದಾಟಿದ ಬೆಕ್ಕಿಗೆ ಮನೆಯ ದಾರಿ ಮರೆಯುತ್ತದಂತೆ. ಚೀಲದ ಬಾಯಿ ಕಟ್ಟಿ ಮೂರು ಸುತ್ತು ತಿರುಗಿಸಿದರಂತೂ ದಿಕ್ಕೇ ತಪ್ಪುತ್ತದಂತೆ. ಬೆಕ್ಕು ಮರೆಯಿತೋ ಇಲ್ಲವೋ, ಬಿಟ್ಟು ಬಂದವರು ಮಾತ್ರ ಮನೆ ಮುಟ್ಟುವುದರೊಳಗೆ ಮರೆತಿರುತ್ತಾರೆ.

ಕಥೆಗಳಲ್ಲಿ ರಾಜನ ಕೂಸನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟರೆ ಕೆಳಗಡೆ ಬಟ್ಟೆ ಒಗೆಯುವ ಮುದುಕಿಗೆ ಅದು ಸಿಗುತ್ತದೆ, ಬೆಳೆಯುತ್ತದೆ, ಒಂದು ದಿನ ರಾಜ್ಯ ಆಳುತ್ತದೆ. ಬೆಕ್ಕಿಗೆ ಅಂಥ ಕಥೆ ಕಟ್ಟಿದವರಿಲ್ಲ. ಆದರೆ ಮುದುಕಿ ಒಬ್ಬಳು ಇದ್ದಳು.

ಅವಳು ಘತ್ತರಗಿಯ ಬಳೆಗಾರ ಕುಲಸುಮಬಿ. ಭಾಗ್ಯವಂತಿಯ ಗುಡಿಯಿಂದ ಹೊಳೆಗೆ ಇಳಿಯುವ ದಾರಿಯಲ್ಲಿ ಅವಳ ಅಂಗಡಿ. ಗೋಡೆಗೆ ಬಡಿದ ಎರಡು ಹಲಗೆ, ಅವುಗಳ ಮೇಲೆ ಹಸಿರು ಗಾಜಿನ ಬಳೆಯ ಸರಗಳು. ದೇವಿಗೆ ಹರಕೆ ಹೊತ್ತು ಬಂದ ಹೆಂಗಸರು ಅವಳ ಮುಂದೆ ಕುಳಿತು ಬಳೆ ಇಡಿಸಿಕೊಂಡು, ಎದ್ದು, ಅವಳಿಗೆ ಕೈಮುಗಿದು ಹೋಗುವರು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಇದ್ದೊಬ್ಬ ಮಗಳನ್ನು ಅಫಜಲಪುರಕ್ಕೆ ಕೊಟ್ಟಿದ್ದಳು. ಅಂಗಡಿಯ ಹಿಂದಿನ ಅಂಗಳದಲ್ಲಿ ಯಾವ ಹೊತ್ತಿನಲ್ಲಿ ಎಣಿಸಿದರೂ ಏಳೆಂಟು ಬೆಕ್ಕು.

ಇವು ಮಡಿಲಲ್ಲಿ ಕೂರುವ ಜಾತಿಯವಲ್ಲ. ಚೀಲದಿಂದ ಬಿದ್ದು, ನಾಯಿಗೆ ಹೆದರಿ, ಜಾಲಿ ಪೊದೆಯಲ್ಲಿ ವಾರಗಟ್ಟಲೆ ಅಡಗಿ ಬಂದವು. ಕೈ ಚಾಚಿದರೆ ಪರಚುತ್ತಿದ್ದವು. ಕುಲಸುಮಬಿಯೂ ಮುದ್ದು ಮಾಡುವ ಪೈಕಿಯವಳಲ್ಲ. ಮೀನಿನ ತಲೆ, ರೊಟ್ಟಿಯ ಚೂರು ಹಾಕಿ ದೂರ ಸರಿದು ನಿಲ್ಲುತ್ತಿದ್ದಳು. ಅವುಗಳ ಮೈ ತುಂಬಿದ ಮೇಲೆ, ಕಾಳಿನ ಅಂಗಡಿಯವರು, ಕಣದ ಮನೆಯವರು ಯಾರಾದರೂ ಒಳ್ಳೆಯವರು ಕೇಳಿದರೆ ಕೊಡುತ್ತಿದ್ದಳು. ಮನೆಯೊಳಗೆ ಸಾಕಲಿಕ್ಕಲ್ಲ. ಹೊರಗೆ, ಕಣದಲ್ಲಿ, ಗೋದಾಮಿನಲ್ಲಿ ದುಡಿಯಲಿಕ್ಕೆ. ಜೇವರ್ಗಿಯ ಕಿರಾಣಿ ಅಂಗಡಿಯೊಂದಕ್ಕೆ ಕೊಟ್ಟ ಹಂಡಬಂಡ ಬೆಕ್ಕು ಐದು ವರ್ಷದಿಂದ ಅಲ್ಲಿಯೇ ಇತ್ತು. ಅಂಗಡಿಯವನು ಗುಡಿಗೆ ಬಂದಾಗಲೆಲ್ಲ ಅದರ ಕ್ಷೇಮಸಮಾಚಾರ ಹೇಳಿ ಹೋಗುತ್ತಿದ್ದ.

ಎಪ್ಪತ್ತೊಂಬತ್ತನೆಯ ಇಸವಿಯ ಬೇಸಗೆ ಮುಗಿಯುತ್ತಿದ್ದಾಗ ಒಂದು ಅಮಾವಾಸ್ಯೆಗೆ ಆಳಂದದ ತೊಗರಿ ವ್ಯಾಪಾರಿ ದೇವೀಂದ್ರಪ್ಪ ಹೆಂಡತಿಯ ಜೊತೆ ದೇವಿಯ ದರ್ಶನಕ್ಕೆ ಬಂದ. ಹೆಂಡತಿ ಸುಂದರಬಾಯಿ ಬಳೆ ಇಡಿಸಿಕೊಳ್ಳಲು ಕುಳಿತಳು. ದೇವೀಂದ್ರಪ್ಪನ ಕಣ್ಣು ಅಂಗಳದ ಕಡೆ ಹೋಯಿತು.

"ಏನ್ರಿ ಇದು, ಬೆಕ್ಕಿನ ಸಂತಿ ಹಚ್ಚೀರಿ?"

"ನಾ ಹಚ್ಚಿಲ್ರಿ ಸಾವ್ಕಾರ್ರೆ. ನಿಮ್ಮಂಥೋರು ಚೀಲದಾಗ ತಂದು ಬಿಡ್ತಾರ, ಸಂತಿ ತಾನೇ ಆಗ್ತದ."

ದೇವೀಂದ್ರಪ್ಪ ನಕ್ಕ. ಆಮೇಲೆ ತನ್ನ ಕಥೆ ತೆಗೆದ. ಗೋದಾಮಿನಲ್ಲಿ ಇಲಿ ವಿಪರೀತವಾಗಿದ್ದವು. ಚೀಲ ಕಡಿದು, ಕಾಳು ಚೆಲ್ಲಿ, ಮೇಲೆ ಉಚ್ಚೆ ಹೊಯ್ದು ಹೋಗುತ್ತಿದ್ದವು. ಪಾಷಾಣ ಇಡಲು ಮನೆಯವರು ಒಪ್ಪುವುದಿಲ್ಲ, ಕಾಳಿನ ಮನೆ. ಬೋನು ಇಟ್ಟರೆ ಮೂರು ದಿನಕ್ಕೆ ಇಲಿಗಳು ಅದರ ಗುಟ್ಟು ಕಲಿತುಬಿಡುತ್ತವೆ.

"ಎರಡು ಕೊಡ್ರಲಾ" ಎಂದ. "ದೇವಿ ಸೇವಾ ಅಂತ ತಿಳಕೊಂಡು ನೋಡ್ಕೋತೇನಿ."

"ದೇವಿ ಸೇವಾ ದೇವಿಗೆ ಮಾಡ್ರಿ. ಬೆಕ್ಕಿನದು ಬೆಕ್ಕಿಗೆ ಮಾಡ್ರಿ" ಎಂದಳು ಕುಲಸುಮಬಿ, ಸುಂದರಬಾಯಿಯ ಬೆರಳ ಗಂಟುಗಳನ್ನು ನಯವಾಗಿ ಒತ್ತಿ ಬಳೆ ಏರಿಸುತ್ತ. "ನಂದು ಮೂರು ಮಾತು ಅದಾವ. ಒಂದು, ಒಯ್ದ ಕೂಡ್ಲೆ ಬಿಡಬ್ಯಾಡ್ರಿ, ಓಡಿ ಹೋಗ್ತಾವ. ಇಪ್ಪತ್ತೊಂದು ದಿನ ಗೋದಾಮದಾಗೇ ಒಂದು ಕೋಲ್ಯಾಗ ಇಡ್ರಿ, ಬಾಣಂತಿ ಇಟ್ಟಂಗ. ಆ ಜಾಗದ ವಾಸನಿ ಅವುಕ್ಕ ತಮ್ಮದು ಅನಿಸ್ಬೇಕು. ಎರಡು, ಮುಂಜಾನಿ ಸಂಜಿ ಅನ್ನ ನೀರು ತಪ್ಪಬಾರದು."

"ಹೊಟ್ಟಿ ತುಂಬ ಹಾಕಿದ್ರ ಇಲಿ ಯಾಕ ಹಿಡೀತಾವ್ರಿ?"

"ಹಸದ ಬೆಕ್ಕು ಅಡಿಗಿಮನಿ ಕಡೆ ನೋಡ್ತದ. ಉಂಡ ಬೆಕ್ಕು ಇಲಿ ಕಡೆ ನೋಡ್ತದ. ಹಸಿವಿಗೆ ಹಿಡಿಯೋದಲ್ರಿ ಅದು, ಹುರುಪಿಗೆ ಹಿಡಿಯೋದು."

"ಮತ್ತ ಮೂರನೇದು?" ಎಂದು ಕೇಳಿದವಳು ಸುಂದರಬಾಯಿ. ಅಷ್ಟು ಹೊತ್ತಿನಲ್ಲಿ ಅವಳಾಡಿದ ಮೊದಲ ಮಾತು ಅದೇ.

ಕುಲಸುಮಬಿ ಅವಳ ಮುಖ ನೋಡಿದಳು. "ಮೂರನೇದು, ಬ್ಯಾಡಾದ್ರ ನನಗ ತಿರುಗಿ ಕೊಡ್ರಿ. ಹೊಳಿ ದಾಟಿಸಬ್ಯಾಡ್ರಿ."

ಹಾಗೆ ಕೊಟ್ಟದ್ದು ಎರಡು. ಒಂದು ಕರೆವ್ವ, ಇಡೀ ಮೈ ಕಪ್ಪು, ಎಡಗಿವಿಯ ತುದಿ ಹರಿದದ್ದು, ಅಂಗಳದ ಬೇಟೆಗಾರ್ತಿ. ಇನ್ನೊಂದು ಅದರ ಮಗಳು ತುಂಡಬಾಲಿ, ಬೂದಿ ಬಣ್ಣದ್ದು, ಬಾಲ ಅರ್ಧಕ್ಕೇ ಮುಗಿದದ್ದು. ಎರಡನ್ನೂ ಮುಚ್ಚಳದ ಬುಟ್ಟಿಯಲ್ಲಿಟ್ಟು ಕಳಿಸಿದ ದಿನ ಕುಲಸುಮಬಿ ಸಂಜೆಯವರೆಗೆ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಬಳೆ ಒಡೆದದ್ದಕ್ಕೆ ಗಿರಾಕಿಯನ್ನೇ ಬೈದಳು.

ಸುದ್ದಿ ಬರುತ್ತಿತ್ತು, ಅದೂ ಒಳ್ಳೆಯ ಸುದ್ದಿ. ಆಳಂದದಿಂದ ಗುಡಿಗೆ ಬಂದವರ ಕೈಯಲ್ಲಿ ಸುಂದರಬಾಯಿ ಹೇಳಿಕಳಿಸುತ್ತಿದ್ದಳು. ಇಪ್ಪತ್ತೊಂದು ದಿನ ಕೋಣೆಯಲ್ಲಿಟ್ಟು ಬಿಟ್ಟಾಯಿತು. ಓಡಿ ಹೋಗಲಿಲ್ಲ. ಹಾಲು ರೊಟ್ಟಿ ಹಾಕುತ್ತಿದ್ದೇನೆ. ಇಲಿ ಕಡಿಮೆಯಾದವು. ಇಲಿ ಕಾಣುವುದೇ ಇಲ್ಲ. ಪಕ್ಕದ ಅಂಗಡಿಯವರೂ ಬೆಕ್ಕು ಎಲ್ಲಿಯದು ಎಂದು ಕೇಳುತ್ತಿದ್ದಾರೆ. ಕುಲಸುಮಬಿ ಇದನ್ನೆಲ್ಲ ಕೇಳಿ "ಹೂಂ" ಎಂದಷ್ಟೇ ಅಂದು, ಸಂಜೆ ಹೊಳೆದಂಡೆಯ ಪ್ರತಿಯೊಬ್ಬರಿಗೂ ಹೇಳಿ ಬರುತ್ತಿದ್ದಳು.

ಶ್ರಾವಣ ಬಂತು. ಎರಡನೆಯ ಸೋಮವಾರ ಕಳೆದು ಎರಡು ದಿನಕ್ಕೆ, ಬುಧವಾರ ಮಧ್ಯಾಹ್ನ, ಹರಗೋಲು ನಡೆಸುವ ಗುಡುಸಾಬ ಹೆಗಲ ಮೇಲೊಂದು ತಟ್ಟಿನ ಚೀಲ ಹೊತ್ತು ಅಂಗಡಿಗೆ ಬಂದ. ಹಿಂದೆ ಅವನೂ ಬೆಕ್ಕಿನ ಚೀಲ ದಾಟಿಸುತ್ತಿದ್ದವನೇ. ಕುಲಸುಮಬಿ ಒಮ್ಮೆ ಹೊಳೆದಂಡೆಯಲ್ಲಿ, ನೀರು ತುಂಬುವ ಹೆಂಗಸರ ಮುಂದೆ, ಅವನ ಏಳು ತಲೆಮಾರು ಎತ್ತಿ ಬೈದ ಮೇಲೆ ಮಿಯಾಂವ್ ಅನ್ನುವ ಚೀಲ ಯಾವುದೇ ಬಂದರೂ ಮೊದಲು ಅವಳ ಬಾಗಿಲಿಗೆ ತರುವುದನ್ನು ಕಲಿತಿದ್ದ.

"ಆಪಾ, ಲಾರಿ ಡ್ರೈವರ ಒಬ್ಬ ಕೊಟ್ಟಾನ. ಆ ದಂಡಿಗೆ ಬಿಟ್ಟು ಬಾ ಅಂದ. ಆಳಂದದ ಲಾರಿ ಅದು."

ಕುಲಸುಮಬಿಯ ಕೈಯಲ್ಲಿದ್ದ ಬಳೆಯ ಸರ ಹಲಗೆಯ ಮೇಲೆ ಇಳಿಯಿತು. ಗಂಟು ಬಿಚ್ಚಿದಳು. ಒಂದಷ್ಟು ಹೊತ್ತು ಚೀಲ ಅಲುಗಲಿಲ್ಲ. ಆಮೇಲೆ ಹರಿದ ಕಿವಿಯೊಂದು ಹೊರಗೆ ಬಂತು. ಕರೆವ್ವ. ಬಾಯಿಯ ಅಂಚಿಗೆ ನೊರೆ, ಮುಂಗಾಲಿನ ಎರಡು ಉಗುರು ಕಿತ್ತು ರಕ್ತ ಹೆಪ್ಪುಗಟ್ಟಿತ್ತು. ದಾರಿಯುದ್ದಕ್ಕೂ ತಟ್ಟನ್ನು ಕೆರೆದಿತ್ತು ಎಂದು ತೋರುತ್ತದೆ. ಕೂಗಲು ಬಾಯಿ ತೆರೆಯಿತು, ದನಿ ಬರಲಿಲ್ಲ. ನೀರು ಇಟ್ಟರೆ ಕುಡಿಯದೆ ಹಲಗೆಯ ಕೆಳಗೆ ನುಗ್ಗಿ ಗೋಡೆಗೆ ಮುಖ ಮಾಡಿ ಕುಳಿತಿತು.

ಕುಲಸುಮಬಿ ಚೀಲವನ್ನು ತಲೆಕೆಳಗು ಮಾಡಿ ಝಾಡಿಸಿದಳು. ಸ್ವಲ್ಪ ತೊಗರಿ ಹೊಟ್ಟು ಬಿತ್ತು. ಬೇರೆ ಏನೂ ಇಲ್ಲ.

"ಇನ್ನೊಂದು?"

"ಇದೇ ಒಂದು ಆಪಾ. ನನ್ನ ಮ್ಯಾಲ ಯಾಕ ಕಣ್ಣು ತಗೀತಿ? ನಾ ಬಿಚ್ಚಿನೂ ನೋಡಿಲ್ಲ."

"ಡ್ರೈವರ ಏನಂದ?"

"ಏನೂ ಅನಲಿಲ್ಲ. ತೆಂಗಿನಕಾಯಿ ಒಡಸ್ಲಿಕ್ಕ ಗುಡಿಗೆ ಹೋದ."

ತೆಂಗಿನಕಾಯಿ ಒಡೆಸಲು! ಕುಲಸುಮಬಿ ಗುಡಿಯ ಮೆಟ್ಟಿಲವರೆಗೆ ಓಡಿದಳು. ಲಾರಿ ಹೋಗಿಯಾಗಿತ್ತು. ಅವಳ ಅಂಗಡಿಯ ಮುಂದಿನಿಂದಲೇ ಹಾದು ಹೋಗಿತ್ತು. ಬಂದದ್ದೂ ಆ ದಾರಿಯಿಂದಲೇ. ಅವಳ ಬೆಕ್ಕನ್ನು ಅವಳ ಕಣ್ಣ ಮುಂದೆಯೇ ಒಯ್ದು ಹೊಳೆಗೆ ಕೊಟ್ಟಿದ್ದರು, "ಇಗೋ ತಗೋ ಮುದುಕಿ" ಎಂದು ಒಂದು ಮಾತು ಹೇಳಿ ಇಳಿಸಿ ಹೋಗಲು ಅವರಿಂದ ಆಗಿರಲಿಲ್ಲ.

ಆ ವಾರ ಅವಳಿಗೆ ಅನ್ನ ಸೇರಲಿಲ್ಲ. ತುಂಡಬಾಲಿ ಎಲ್ಲಿ? ಹುಟ್ಟಿದ ಮೂರನೆಯ ದಿನಕ್ಕೆ ತಾಯಿಯ ಜೊತೆ ಚೀಲದಲ್ಲಿ ಬಂದದ್ದು, ಬಾಲ ಹೋದದ್ದು ಆ ಚೀಲದ ಹಗ್ಗಕ್ಕೇ ಸಿಕ್ಕಿ. ಒಂದು ಸಲ ಬದುಕಿ ಬಂದದ್ದನ್ನು ಎರಡನೆಯ ಸಲ ಕಳೆದವರು ಯಾರು? ಕರೆವ್ವ ಹಾಲು ಕುಡಿಯಲು ಶುರು ಮಾಡುವ ತನಕ ಕಾದಳು. ಮುಂದಿನ ಬುಧವಾರ ಅದನ್ನು ಮುಚ್ಚಳದ ಬುಟ್ಟಿಯಲ್ಲಿ ಕೂರಿಸಿ, ಬುರ್ಖಾ ಏರಿಸಿ, ಮುಂಜಾನೆಯ ಮೊದಲ ಬಸ್ಸಿಗೆ ಅಫಜಲಪುರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿಗೆ ಆಳಂದಕ್ಕೆ ಹೊರಟಳು. ಮಗಳ ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ ಇದ್ದರೂ ಹೋಗಲಿಲ್ಲ. ಹೋದರೆ ಮಗಳು ಸಮಾಧಾನ ಹೇಳುತ್ತಾಳೆ. ಅವಳಿಗೆ ಸಮಾಧಾನ ಬೇಕಿರಲಿಲ್ಲ.

ದೇವೀಂದ್ರಪ್ಪನ ಅಂಗಡಿ ಗಂಜಿನ, ಅಂದರೆ ಕಾಳಿನ ಪೇಟೆಯ, ನಡುಮಧ್ಯೆ. ಮುಂದೆ ಕಟ್ಟೆ, ಕಟ್ಟೆಯ ಮೇಲೆ ಬಿಳಿ ಹೊದಿಕೆಯ ಗಾದಿ, ಗಾದಿಯ ಪಕ್ಕ ತಕ್ಕಡಿ, ಗೋಡೆಗೆ ಬಸವಣ್ಣನ ಫೋಟೋ, ಅದಕ್ಕೆ ಶ್ರಾವಣದ ಹೊಸ ಹೂವಿನ ಹಾರ. ಬಲಕ್ಕೆ ಗೋದಾಮು. ಹಿಂದೆ ಮನೆ, ನಡುವೆ ಒಂದು ಬಾಗಿಲು, ಅದಕ್ಕೆ ಪರದೆ. ಹಮಾಲರು ಚೀಲ ಇಳಿಸುತ್ತಿದ್ದರು. ಪಕ್ಕದ ಅಂಗಡಿಯ ಜಗದೇವಪ್ಪ ಚಹಾ ಕುಡಿಯುತ್ತ ಗಾದಿಯ ಅಂಚಿಗೆ ಕುಳಿತಿದ್ದ. ಬುಟ್ಟಿ ಹೊತ್ತ ಮುದುಕಿ ಕಟ್ಟೆ ಏರಿದ್ದನ್ನು ಮೊದಲು ನೋಡಿದವನು ಮುನೀಮ ಹಣಮಂತರಾಯ. ನೋಡಿ, ಪೆನ್ನಿನ ಟೊಪ್ಪಿಗೆ ಹಾಕಿ, ತೆಗೆದು, ಮತ್ತೆ ಹಾಕಿದ.

"ಶರಣ್ರಿ ಸಾವ್ಕಾರ್ರೆ."

ದೇವೀಂದ್ರಪ್ಪ ತಲೆ ಎತ್ತಿದ. ಮುಖ ಒಂದು ಗಳಿಗೆ ಖಾಲಿಯಾಯಿತು. "ಓ, ಕುಲಸುಮವ್ವ! ಬರ್ರಿ ಬರ್ರಿ. ಕೂಡ್ರಿ. ಚಾ ತರಸ್ಲಿ?"

"ಚಾ ಆಮ್ಯಾಲ. ನಾ ಎರಡು ಕೊಟ್ಟಿದ್ದೆ. ಹೊಳಿಗೆ ಒಂದು ಬಂತು. ಇನ್ನೊಂದು ಎಲ್ಲಿ?"

"ಏನ್ರಿ ಇದು, ಒಂದು ಬೆಕ್ಕಿನ ಸಲುವಾಗಿ ಇಷ್ಟು ದೂರ..."

"ಬೆಕ್ಕು ಅಷ್ಟು ದೂರ ಬಂತಲ್ರಿ ಚೀಲದಾಗ, ಉಸಿರುಗಟ್ಟಿ. ನಾ ಸೀಟಿನ ಮ್ಯಾಲ ಕುಂತು ಬರಬಾರದೇನು?"

ಹಮಾಲರಲ್ಲಿ ಒಬ್ಬ ಚೀಲ ಇಳಿಸಿ ಅಲ್ಲಿಯೇ ನಿಂತ. ಇನ್ನೊಬ್ಬನೂ ನಿಂತ. ದೇವೀಂದ್ರಪ್ಪ ಅವರ ಕಡೆ ಹುಬ್ಬು ಗಂಟಿಕ್ಕಿದ. ಅವರು ಬೀಡಿ ಹಚ್ಚಿದರು, ಕದಲಲಿಲ್ಲ.

"ಏನು ತಪ್ಪು ಮಾಡಿದ್ವು?" ಕುಲಸುಮಬಿ ಕೇಳಿದಳು. "ಹಾಲು ಕುಡದುವೇನು? ಗಾದಿ ಮ್ಯಾಲ ಉಚ್ಚಿ ಹೊಯ್ದುವೇನು? ಹೇಳ್ರಿ. ತಪ್ಪು ಮಾಡಿದ್ರ ನಾನೇ ಮಾಫಿ ಕೇಳ್ತೇನಿ."

ದೇವೀಂದ್ರಪ್ಪ ಮುನೀಮನ ಕಡೆ ನೋಡಿದ. ಮುನೀಮ ಗಂಟಲು ಸರಿಪಡಿಸಿಕೊಂಡ.

"ಶ್ರಾವಣ ಸೋಮವಾರ್ರಿ. ಅಯ್ಯಗೋಳನ್ನ ಕರಸಿದ್ವಿ, ಇದೇ ಗಾದಿ ಮ್ಯಾಲ ಪಾದಪೂಜಿ ನಡದಿತ್ತು. ಹತ್ತು ಮಂದಿ ವ್ಯಾಪಾರಸ್ಥರು ಕೈಮುಗದು ಕುಂತಾರ. ಅಷ್ಟರಾಗ ಆ ಕರಿ ಬೆಕ್ಕು ಗೋದಾಮದಿಂದ ಬಂತು ನೋಡ್ರಿ, ರಾಣಿ ಬಂದಂಗ, ಸಾವಕಾಶ. ಬಾಯಾಗ ಹೆಗ್ಗಣ. ಮಂದಿ ನಡುವ ಹಾಯ್ದು, ಸೀದಾ ಬಂದು, ಅಯ್ಯಗೋಳ ಪಾದದ ಮುಂದ, ವಿಭೂತಿ ತಟ್ಟಿ ಬಾಜೂಕ್ಕ ಇಟ್ಟುಬಿಡ್ತು. ಇಟ್ಟು ಕುಂತಿತು."

"ಎಷ್ಟು ದೊಡ್ಡದಿತ್ತು?"

"ಇಷ್ಟಿತ್ರಿ!" ಮುನೀಮ ಎರಡೂ ಕೈ ಅಗಲಿಸಿ ತೋರಿಸಿದ. ದನಿಯಲ್ಲಿ ಹೆಮ್ಮೆ ಉಕ್ಕಿದ್ದು ಅವನಿಗೇ ಗೊತ್ತಾಗಿ ಕೈ ಇಳಿಸಿದ.

"ಅಯ್ಯಗೋಳು ಏನಂದ್ರು?"

ಚಹಾದ ಬಸಿ ಕೆಳಗಿಟ್ಟು ಜಗದೇವಪ್ಪ ಹೇಳಿದ: "ನಾ ಇದ್ದೆನಲ್ಲ ಅಲ್ಲೇ. ಅಯ್ಯಗೋಳು ನಕ್ಕರ್ರಿ. 'ಅದರ ಕಾಯಕ ಅದು ಮಾಡ್ಯಾದ, ತಂದು ಒಪ್ಪಿಸ್ಯಾದ' ಅಂದ್ರು."

"ಅವರು ದೊಡ್ಡವರು, ನಗ್ತಾರ" ಎಂದ ದೇವೀಂದ್ರಪ್ಪ. "ಮಂದಿ ಹಿಂದಿಂದ ನಗೂದು ಬ್ಯಾರೆ. ಶ್ರಾವಣದಾಗ, ಸೋಮವಾರ, ಪೂಜಾದ ಜಾಗಾದಾಗ ಹೆಣ! ನಾವು ಎಂಥ ಮಂದಿ ನಿಮಗ ಗೊತ್ತದಲ್ರಿ. ನಮ್ಮ ಕಟ್ಟಿ ಮ್ಯಾಲ ಹಿಂಸಾ ಆಗಬಾರದು."

ಕುಲಸುಮಬಿ ಬುಟ್ಟಿಯನ್ನು ಕೆಳಗಿಟ್ಟಳು. ಇಲ್ಲಿಯವರೆಗೆ ಬಸ್ಸಿನಲ್ಲಿ ನೂರು ಸಲ ತಿದ್ದಿ ತೀಡಿ ತಂದ ಮಾತುಗಳೆಲ್ಲ ಎಲ್ಲಿಯೋ ಹೋದವು.

"ಅಂದ್ರ ಇಲಿ ಹಿಡೀಬೇಕು. ಆದ್ರ ಇಲಿ ಸಾಯಬಾರದು. ಹೌದಿಲ್ಲೋ? ಹಿಡದು ಏನು ಮಾಡ್ಬೇಕಿತ್ರಿ ಅದು? ನಾಕು ಬುದ್ಧಿಮಾತು ಹೇಳಿ ಕಲಬುರ್ಗಿ ಬಸ್ಸಿಗೆ ಹತ್ತಿಸಬೇಕಿತ್ತೇನು?"

ಹಮಾಲರು ಬಿದ್ದು ಬಿದ್ದು ನಕ್ಕರು. ಜಗದೇವಪ್ಪನ ಮೂಗಿಗೆ ಚಹಾ ಏರಿತು.

"ನಗಬ್ಯಾಡ್ರಿ!" ಅವಳು ಅವರ ಮೇಲೂ ತಿರುಗಿದಳು. "ನಗೂ ಮಾತಲ್ಲ ಇದು. ಎರಡು ತಿಂಗಳು ನಿಮ್ಮ ಗೋದಾಮ ಕಾದ್ವು. ಮೂಲಿ ಮೂಲಿಗೆ ಇಲಿ ಸತ್ತಾಗ ಹಿಂಸಾ ಅನಸಲಿಲ್ಲ, ಯಾಕಂದ್ರ ನಿಮ್ಮ ಕಣ್ಣಿಗೆ ಬೀಳಲಿಲ್ಲ. ಒಂದು ದಿನ, ದುಡದದ್ದನ್ನ ನಿಮ್ಮ ಮುಂದ ತಂದು ತೋರಿಸ್ತು. ಮಾಲಕಗ ತೋರಿಸಬೇಕು ಅಂತ ಅದಕ್ಕೂ ಆಸಿ ಇರ್ತದ. ಅಷ್ಟಕ್ಕ ಚೀಲ! ಉಗುರು ಕಿತ್ತಾವ ನೋಡ್ರಿ, ಬುಟ್ಟಿ ತೆಗದು ತೋರಿಸ್ಲಿ? ಚೀಲದಾಗ ಕಟ್ಟೋದು ಶ್ರಾವಣದಾಗ ಹಿಂಸಾ ಅಲ್ಲೇನು?"

"ಕೊಂದಿಲ್ಲವಲ್ರಿ" ಎಂದ ದೇವೀಂದ್ರಪ್ಪ. "ದಾಟಿಸೇವಿ."

ಆ ಒಂದು ಶಬ್ದ. ಈ ದಂಡೆಯಲ್ಲಿ ಕೇಳಿದ್ದಳು, ಆ ದಂಡೆಯಲ್ಲಿ ಕೇಳಿದ್ದಳು, ಹರಗೋಲಿನಲ್ಲಿ, ಬಾವಿಕಟ್ಟೆಯಲ್ಲಿ, ಗುಡಿಯ ಮೆಟ್ಟಿಲ ಮೇಲೆ ಕೈಯಲ್ಲಿ ಪ್ರಸಾದ ಹಿಡಿದವರ ಬಾಯಲ್ಲಿ ಕೇಳಿದ್ದಳು. ಕಸ ಚೆಲ್ಲಿದೆವು ಎಂದರೂ ಅದರಲ್ಲಿ ಒಂದಿಷ್ಟು ನಾಚಿಕೆ ಇರುತ್ತದೆ. ದಾಟಿಸಿದೆವು ಎನ್ನುವಾಗ ಯಾರಿಗೋ ಉಪಕಾರ ಮಾಡಿದ ಕಳೆ ಇರುತ್ತದೆ ಮುಖದ ಮೇಲೆ.

"ನನ್ನ ಅಂಗಡಿ ಮುಂದ ಹಾಯ್ದು ಹೋಗ್ಯಾದ ನಿಮ್ಮ ಲಾರಿ. ನನಗ ಯಾಕ ಕೊಡಲಿಲ್ಲ? ಮೂರನೇ ಮಾತು ಏನಂದಿದ್ದೆ?"

ದೇವೀಂದ್ರಪ್ಪ ಗಾದಿಯ ಹೊದಿಕೆಯ ಸುಕ್ಕು ತಿದ್ದಿದ. "ನಿಮಗ ಮುಖ ತೋರಸ್ಲಿಕ್ಕ ಸಂಕೋಚ ಆತ್ರಿ. ಏನಂತ ಹೇಳ್ಲಿ? ಇಲಿ ಹಿಡೀತು ಅಂತ ತಿರುಗಿ ಕೊಡ್ಲಾಕತ್ತೇನಿ ಅಂತ ಹೇಳ್ಲಿ?"

ಇದು ಇಡೀ ದಿನದಲ್ಲಿ ಅವನಾಡಿದ ಒಂದೇ ನಿಜವಾದ ಮಾತಾಗಿತ್ತು. ಕುಲಸುಮಬಿಯ ಸಿಟ್ಟು ಇನ್ನೂ ಒಂದು ಗೇಣು ಏರಿತು.

"ಇರ್ಲಿ. ತುಂಡಬಾಲಿ ಎಲ್ಲಿ?"

"ಎರಡನ್ನೂ ನಾನೇ ಕಟ್ಟೇನ್ರಿ" ಎಂದ ಮುನೀಮ. "ನಮ್ಮಪ್ಪನಾಣಿ. ಎರಡೂ ಚೀಲದಾಗಿದ್ವು. ಹಿಂದಿನ ಅಂಗಳದಾಗ ಇಟ್ಟು, ಲಾರಿ ಬಂದ ಮ್ಯಾಲ ಹತ್ತಿಸೇನಿ."

"ಹಂಗಾದ್ರ ದಾರ್‍ಯಾಗ ಹೋಗ್ಯಾದ."

ಕುಲಸುಮಬಿ ಕಟ್ಟೆಯ ಅಂಚಿಗೆ ಕುಳಿತುಬಿಟ್ಟಳು. ಮುಂಜಾನೆಯಿಂದ ನೋಡಿಕೊಂಡು ಬಂದ ದಾರಿ ಅವಳ ಕಣ್ಣ ಮುಂದೆ ಬಿಚ್ಚಿಕೊಂಡಿತು: ಮಳೆಯಲ್ಲಿ ತೊಯ್ದ ಕಪ್ಪು ಹೊಲ, ಗೇಣೆತ್ತರದ ತೊಗರಿ, ಊರೂರಿಗೂ ನಾಯಿ. ಚೀಲದ ಬಾಯಿ ಸಡಿಲವಾಗಿ ಯಾವ ತಿರುವಿನಲ್ಲಿ ಹಾರಿತೋ, ಯಾವ ಊರ ಮುಂದೆ ಬಿತ್ತೋ. ಎಲ್ಲಿ ಇಳಿದು ಎಲ್ಲಿ ಹುಡುಕುವುದು? ಬುಟ್ಟಿಯೊಳಗೆ ಕರೆವ್ವ ಮಗ್ಗುಲು ಬದಲಿಸಿತು.

ಮುದುಕಿ ತಣ್ಣಗಾದಳು ಎಂದು ದೇವೀಂದ್ರಪ್ಪ ತಿಳಿದ. ವ್ಯಾಪಾರಿಯ ದನಿ ಅವನಿಗೆ ಮರಳಿ ಬಂತು.

"ಹೋದದ್ದು ಹೋತು ಕುಲಸುಮವ್ವ. ಬೇಜಾರ ಮಾಡ್ಕೋಬ್ಯಾಡ್ರಿ. ಒಂದು ಮಾತು ಹೇಳ್ತೇನಿ. ಶ್ರಾವಣ ಇನ್ನ ಹತ್ತು ಹನ್ನೆರಡು ದಿನ. ಮುಗದ ಮ್ಯಾಲ ಈ ಕರಿದನ್ನ ಮತ್ತ ತಗೊಂಡು ಬರ್ರಿ. ಇಟ್ಕೋತೇವಿ. ಖರೇ ಹೇಳ್ಬೇಕಂದ್ರ, ಇಲಿ ಮತ್ತ ಶುರು ಆಗ್ಯಾವ."

ಕುಲಸುಮಬಿ ನಿಧಾನವಾಗಿ ಎದ್ದಳು.

"ಏನಂದ್ರಿ?"

"ಶ್ರಾವಣ ಮುಗೀಲಿ ಅಂದೆ..."

"ಸುಗ್ಗಿಗೆ ಕರಿಯೋದು, ಹಬ್ಬಕ್ಕ ಕಳಸೋದು! ನಿಮ್ಮ ಹಮಾಲರಿಗೂ ಹಿಂಗೇ ಏನು? ಪಂಚಾಂಗ ನೋಡಿ ಜೀವ ಇಡೋದು, ಪಂಚಾಂಗ ನೋಡಿ ಜೀವ ಒಗಿಯೋದು? ಅಲ್ರಿ, ಆ ಇಲಿಗೆ ಹೇಳ್ರಲಾ ಶ್ರಾವಣ ಅದ, ಉಪವಾಸ ಮಾಡು ಅಂತ!"

"ದನಿ ಇಳಸ್ರಿ" ಎಂದ ದೇವೀಂದ್ರಪ್ಪ. "ಅಂಗಡಿ ಇದು."

"ಇಳಸೂದಿಲ್ಲ."

ಆಗ ಪರದೆ ಸರಿಯಿತು.

ಸುಂದರಬಾಯಿ ಮದುವೆಯಾಗಿ ಬಂದು ಹದಿನೆಂಟು ವರ್ಷ. ಪರದೆಯ ಆಚೆಯಿಂದ ಚಹಾದ ಬಸಿ ಕೈಗೆ ಕೊಟ್ಟಿದ್ದಳು, ಮಾತು ಕೇಳಿಸಿಕೊಂಡಿದ್ದಳು. ವ್ಯಾಪಾರಸ್ಥರು ಕುಳಿತಾಗ ಈಚೆ ಹೆಜ್ಜೆ ಇಟ್ಟವಳಲ್ಲ. ಈಗ ಇಟ್ಟಳು. ತಲೆಯ ಮೇಲೆ ಸೆರಗು, ಎದೆಗೆ ಅವುಚಿದ ಹಳೆಯ ಕೌದಿಯ ಗಂಟು. ಗಂಟಿನಿಂದ ಎರಡು ಹಳದಿ ಕಣ್ಣು ಕಾಣುತ್ತಿದ್ದವು, ಕೆಳಗೆ ಅರ್ಧ ಬಾಲ ಜೋತಾಡುತ್ತಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಅವಳ ಕೈ ಪರಚಿದ ಗೀರುಗಳಿಂದ ತುಂಬಿತ್ತು, ಕೆಲವು ಹಳೆಯವು, ಕೆಲವು ಆಗಷ್ಟೇ ಆದವು.

"ಚೀಲ ನಾ ಬಿಚ್ಚಿದೆ" ಎಂದಳು. ಯಾರಿಗೆ ಹೇಳಿದಳೋ, ನೆಲ ನೋಡುತ್ತ ಹೇಳಿದಳು. "ಅಂಗಳದಾಗ ಇಟ್ಟಿದ್ರಲ್ಲ, ಆವಾಗ. ಇದು ಕೈಗೆ ಸಿಕ್ತು. ಕಟಗಿ ಕೋಲ್ಯಾಗ ಇಟ್ಟೇನಿ."

ಕುಲಸುಮಬಿಯ ಎದೆಯೊಳಗೆ ಏನೋ ಹಗುರಾಯಿತು. ಆದರೆ ಆ ಹೊತ್ತಿಗೆ ಅವಳ ಬಾಯಿ ಅವಳ ಹಿಡಿತದಲ್ಲಿರಲಿಲ್ಲ.

"ಇದನ್ನ ಉಳಿಸಿಕೊಂಡಿ. ಅದನ್ನ?"

"ಅದು ಪರಚಿ ಚೀಲದ ತಳಕ್ಕ ಹೋತ್ರಿ. ಅಷ್ಟರಾಗ ಮುನೀಮರು ಬಂದ ಸಪ್ಪಳಾತು. ಹಗ್ಗ ಬಿಗದು ಸುಮ್ಮ ನಿಂತೆ."

"ಸುಮ್ಮ ನಿಂತಿ!"

"ನಿಂತೆ" ಎಂದಳು ಸುಂದರಬಾಯಿ. ಈಗ ಮುಖ ಎತ್ತಿದಳು. "ಏಳು ದಿನ ಸುಮ್ಮನೇ ಇದ್ದೆ. ಕಳ್ಳತನದಾಗ ರೊಟ್ಟಿ ಒಯ್ದು ಹಾಕ್ತಿದ್ದೆ. ಬೈರಿ ನನಗ, ಬೈಸಿಕೋತೇನಿ. ಆದ್ರ ಈಗ ಬಂದೇನಲ್ಲ?"

"ಒಳಗ ನಡಿ" ಎಂದ ದೇವೀಂದ್ರಪ್ಪ, ಹಲ್ಲು ಕಚ್ಚಿ.

"ನಡೀತೇನ್ರಿ. ಇದನ್ನ ಎಲ್ಲಿ ಇಡ್ಲಿ ಹೇಳ್ರಿ, ಇಟ್ಟು ನಡೀತೇನಿ."

"ಎಲ್ಲರೆ ಇಡು! ಮೊದಲ ಒಳಗ ನಡಿ!"

ಸುಂದರಬಾಯಿ ಎರಡು ಹೆಜ್ಜೆ ಮುಂದೆ ಬಂದಳು. ಬಾಗಿ, ಕೌದಿಯ ಗಂಟನ್ನು ಗಾದಿಯ ನಟ್ಟನಡುವೆ ಇಳಿಸಿ, ಬಿಚ್ಚಿದಳು.

ತುಂಡಬಾಲಿ ಒಂದು ಕ್ಷಣ ಗಾದಿಗೆ ಅಂಟಿಕೊಂಡಿತು. ಬೆಳಕಿಗೆ ಕಣ್ಣು ಕಿರಿದು ಮಾಡಿ ತಕ್ಕಡಿ ನೋಡಿತು, ಜಗದೇವಪ್ಪನ ಬಸಿ ನೋಡಿತು, ಗೋದಾಮಿನ ಬಾಗಿಲು ನೋಡಿತು. ಮೂಗು ಆಡಿತು. ತನ್ನ ಜಾಗವೇ ಹೌದು ಎಂದು ಅದಕ್ಕೆ ಗೊತ್ತಾಯಿತು. ದೇವೀಂದ್ರಪ್ಪ ಎದ್ದು ನಿಂತಿದ್ದ. ಅವನು ಬಿಟ್ಟ ಬೆಚ್ಚನೆಯ ಕುಳಿಗೆ ಅದು ಹೋಗಿ, ಒಂದು ಸುತ್ತು ತಿರುಗಿ ಕುಳಿತುಕೊಂಡಿತು.

"ಹಶ್!" ಎಂದು ದೇವೀಂದ್ರಪ್ಪ ಕೈ ಎತ್ತಿದ.

"ತಡೀರಿ ತಡೀರಿ" ಎಂದು ಜಗದೇವಪ್ಪ ನಡುವೆ ಬಂದ. "ನಿಮಗ ಬ್ಯಾಡಂದ್ರ ನನಗ ಕೊಡ್ರಿ. ಕುಲಸುಮವ್ವ, ನಿಮ್ಮ ಮೂರೂ ಮಾತು ಒಪ್ಪೇನಿ. ನನ್ನ ಗೋದಾಮದಾಗ ಶ್ರಾವಣದಾಗೂ ಇಲಿ ಅವ, ದಸರಿಗೂ ಅವ. ಇವ್ರ ಬೆಕ್ಕು ಇರೂ ತನಕ ಇವ್ರ ಇಲಿಗಳೂ ನನ್ನ ಕಡೆನೇ ಬಂದಾವ."

ದೇವೀಂದ್ರಪ್ಪನ ಎತ್ತಿದ ಕೈ ಅಲ್ಲಿಯೇ ನಿಂತಿತು.

"ಯಾಕ್ರಿ?" ಎಂದ. "ನಿಮಗ ಯಾಕ ಕೊಡ್ಲಿ? ಇದು ನಮ್ಮ ಬೆಕ್ಕು."

"ನಿಮ್ಮದಾ?"

"ಮತ್ತ ಯಾರದು? ಇಪ್ಪತ್ತೊಂದು ದಿನ ಬಾಣಂತಿಯಂಗ ಇಟ್ಟು ಸಾಕೇವಿ. ಕೇಳ್ರಿ ಮುನೀಮರ್ನ."

"ಹೌದ್ರಿ" ಎಂದ ಮುನೀಮ ಕೂಡಲೇ. "ಬರೋಬ್ಬರಿ ಇಪ್ಪತ್ತೊಂದು."

ಕುಲಸುಮಬಿ ಈ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿದಳು. ಯಾರ ಮುಖದಲ್ಲೂ ತಪ್ಪಾಯಿತು ಎಂಬುದರ ನೆರಳಿಲ್ಲ. ಚೀಲದ ಮಾತು, ಉಗುರಿನ ಮಾತು, ಹೊಳೆಯ ಮಾತು ಅಷ್ಟೂ ಗಾಳಿಗೆ ಹೋಗಿತ್ತು. ಇನ್ನೊಬ್ಬನಿಗೆ ಬೇಕು ಎಂದ ತಕ್ಷಣ ಇವನಿಗೆ ಅದು ತನ್ನದಾಗಿತ್ತು. ಇಂಥ ಮನೆಯಲ್ಲಿ ಬಿಡುವುದಕ್ಕಿಂತ ಬುಟ್ಟಿಗೆ ಹಾಕಿಕೊಂಡು ನಡೆದುಬಿಡೋಣ ಎಂದು ಅವಳ ಕೈ ಮುಂದೆ ಹೋಯಿತು. ಆದರೆ ಬೆಕ್ಕು ಅವಳ ಕಡೆ ನೋಡಲಿಲ್ಲ. ಅದರ ಎರಡೂ ಕಿವಿ ಗೋದಾಮಿನ ಕಡೆ ನೆಟ್ಟಿದ್ದವು. ಒಳಗೆ ಎಲ್ಲಿಯೋ ಕರ್ ಕರ್ ಎಂಬ ಸಪ್ಪಳ.

ಅವಳು ಸುಂದರಬಾಯಿಯ ಕಡೆ ತಿರುಗಿದಳು.

"ಬಿಟ್ಟು ಹೋಗ್ಲೇನು?"

"ಬಿಡ್ರಿ."

"ಇವ್ರ ಮಾತಿನ ಮ್ಯಾಲ ಬಿಡೂದಿಲ್ಲ ನಾ."

"ಇವ್ರ ಮಾತಿನ ಮ್ಯಾಲ ಬ್ಯಾಡ" ಎಂದಳು ಸುಂದರಬಾಯಿ, ಗಂಡ ಅಲ್ಲಿಯೇ ನಿಂತಿರುವಾಗಲೇ. "ಇನ್ನ ಮ್ಯಾಲ ಅದು ಹಿಡದದ್ದನ್ನ ತಂದ್ರ ಹೆಣ ನಾ ಎತ್ತತೇನಿ. ಚೀಲ ತಂದ್ರ ಅದರಾಗ ಮೊದಲ ನನ್ನ ಹಾಕ್ರಿ ಅಂತೇನಿ."

ಹಮಾಲರ ಬೀಡಿ ಆರಿದ್ದವು. ದೇವೀಂದ್ರಪ್ಪ ಏನೋ ಹೇಳಲು ಬಾಯಿ ತೆರೆದ, ಹೇಳಿದ್ದು ಬೇರೆಯೇ: "ಆ ಕರಿದನ್ನೂ ಬಿಟ್ಟು ಹೋಗ್ರಲಾ. ಜೋಡಿ ಇರ್ಲಿ."

"ಇದನ್ನ ಬಿಡಂಗಿಲ್ಲ" ಎಂದು ಕುಲಸುಮಬಿ ಬುಟ್ಟಿ ಎತ್ತಿಕೊಂಡಳು. "ಇದು ನಿಮ್ಮ ಮನಿ ಬಾಗಲಾ ಇನ್ನೊಮ್ಮೆ ನೋಡಂಗಿಲ್ಲ. ಜೋಡಿ ಬೇಕಿದ್ರ ನೀವೇ ಗೋದಾಮದಾಗ ಕೂಡ್ರಿ."

ಕಟ್ಟೆ ಇಳಿಯುವಾಗ ಹಿಂದಿನಿಂದ ಮುನೀಮನ ದನಿ ಕೇಳಿಸಿತು: "ಕೂಡ್ರಿ ಸಾವ್ಕಾರ್ರೆ, ನಿಂತೇ ಇದ್ದೀರಿ." ದೇವೀಂದ್ರಪ್ಪನ ಉತ್ತರವೂ ಕೇಳಿಸಿತು: "ಕೂಡ್ತೇನಿ. ಅದು ಜರಾ ಸರೀಲಿ."

ಕುಲಸುಮಬಿ ನಗಲಿಲ್ಲ. ಅಫಜಲಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದಲ್ಲಿ ಕುಳಿತ ಹೆಂಗಸು ಮುಚ್ಚಳದ ಸಂದಿಯಲ್ಲಿ ಇಣುಕಿ, ಸೆರಗು ಎಳೆದುಕೊಂಡು ಆಚೆ ಸರಿದಳು.

"ಅಯ್ಯ, ಕರಿ ಬೆಕ್ಕೇನ್ರಿ? ಇದನ್ಯಾಕ ಹೊತಗೊಂಡು ಹೊಂಟೀರಿ? ಎಲ್ಲೆರೆ ದಾಟಿಸಿ ಬರಬಾರದೇನು?"

ಕುಲಸುಮಬಿ ಅವಳ ಕಡೆಗೆ ಪೂರ್ತಿ ತಿರುಗಿ ಕುಳಿತಳು. ಬಸ್ಸು ಊರು ಬಿಟ್ಟಿತು, ತೊಗರಿಯ ಹೊಲಗಳು ಬಂದವು, ಹಳ್ಳ ಬಂತು, ಒಂದೆರಡು ಊರು ಹಿಂದಾದವು, ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ಕಂಬಿ ಹಿಡಿದು ಅಲ್ಲಿಯೇ ನಿಂತುಬಿಟ್ಟ. ಅವಳ ಮಾತು ಇನ್ನೂ ಮುಗಿದಿರಲಿಲ್ಲ.